ಮೂರನೇ ಕೂಗು

ಯಳಂದೂರಿನ ವಕೀಲ ಸದಾಶಿವಪ್ಪನವರ ಆಫೀಸಿಗೆ ಕಲಿಯಲು ಬಂದವರಿಗೆ ಮೊದಲು ಆಗುವುದು ಕಾನೂನಿನ ಪರಿಚಯವಲ್ಲ, ಒಂದು ರಿಜಿಸ್ಟರಿನ ಪರಿಚಯ. ಕೆಂಪು ಬಟ್ಟೆಯ ಬೆನ್ನಿರುವ ಉದ್ದನೆಯ ಪುಸ್ತಕ. ಆ ಸೋಮವಾರ ಅದರ ಹಿಂದೆ ಕೂತಿದ್ದವನು ಜೂನಿಯರ್ ವಕೀಲ ಶಾಂತಮೂರ್ತಿ. ಕಪ್ಪು ಕೋಟಿನ ಮೊಣಕೈ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಪೆನ್ನು ಹಿಡಿದ ಗತ್ತು ಮಾತ್ರ ಹೈಕೋರ್ಟಿನದು.

“ಎಸ್ರು?”

“ಹರಿಣಾಕ್ಷಿ.”

ಅವನು ತಲೆಯೆತ್ತಿದ. ಹೆಸರಿಗಲ್ಲ, ಅದರ ‘ಹ’ಕ್ಕೆ. ಕೊಳ್ಳೇಗಾಲದ ಬಸ್ಸಿಳಿದು ಬಂದ ಹುಡುಗಿಯ ಬಾಯಲ್ಲಿ ಅಷ್ಟು ದುಂಡಗಿನ, ಅಷ್ಟು ಉಸಿರು ತುಂಬಿದ ‘ಹ’ವನ್ನು ಅವನು ಕೇಳಿರಲಿಲ್ಲ. ಆ ಸೀಮೆಯಲ್ಲಿ ಹಾಲು ಆಲು, ಹನೂರು ಅನೂರು. ‘ಹ’ ಏನಿದ್ದರೂ ಬಸ್ಸಿನ ಬೋರ್ಡಿನ ಮೇಲೆ.

“ಬಿನ್?”

“ಏನು?”

“ಅರಿಣಾಕ್ಷಿ ಬಿನ್ ಯಾರು? ತಂದೆ ಎಸ್ರು ಬರೀಬೇಕು ಮೇಡಂ.”

ಅವಳು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. “ಅದನ್ನ ಖಾಲಿ ಬಿಡಿ ಸರ್.”

“ಬಿನ್ ಬ್ಯಾಡ ಅಂದ್ರೆ ಕೋಂ ಹಾಕ್ಬೇಕಾಯ್ತದೆ. ನಮ್ ಕಾಗದದಲ್ಲಿ ಎಂಗುಸ್ರಿಗೆ ಎರಡೇ ದಾರಿ.”

ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಮಗಳಿಗೆಂದು ಬೇರೆ ಪದ ಹುಡುಕುವ ಗೋಜಿಗೆ ಆ ಕಡೆಯ ಟೈಪಿಸ್ಟುಗಳು ಹೋಗಿಲ್ಲ. ಮದುವೆಯಾಗುವ ತನಕ ಅವಳೂ ಬಿನ್ನೇ.

“ಕೋಂಗೂ ಯಾರಿಲ್ಲ,” ಅಂದಳು ಹರಿಣಾಕ್ಷಿ. “ಖಾಲಿ ಜಾಗಕ್ಕೆ ಕೋರ್ಟ್ ಫೀ ಏನಾದ್ರೂ ಕಟ್ಟಬೇಕಾ?”

“ಫೀ ಇಲ್ಲ. ಆದ್ರೆ ಖಾಲಿ ಜಾಗ ಅಂದ್ರೆ ಒತ್ತುವರಿ ಆಗೋ ಅಪಾಯ ಇರ್ತದೆ.”

ಅವನು ನಗಲಿಲ್ಲ; ಹುಬ್ಬು ಮಾತ್ರ ಒಂದು ಎಳೆಯಷ್ಟು ಮೇಲೆ ಹೋಗಿ ಕೆಳಗಿಳಿಯಿತು. ಅವಳೂ ನಗಲಿಲ್ಲ, ಬ್ಯಾಗಿನ ಜಿಪ್ಪನ್ನು ಕಾರಣವಿಲ್ಲದೆ ತೆಗೆದು ಮುಚ್ಚಿದಳು. ರಿಜಿಸ್ಟರಿನಲ್ಲಿ ‘ಹರಿಣಾಕ್ಷಿ ಬಿನ್’ ಎಂದಾದ ಮೇಲೆ ಎರಡಂಗುಲ ಬಿಳಿ ಕಾಗದ ಉಳಿಯಿತು.

*

ಮೈಸೂರಿನ ಕಾಲೇಜಿನಲ್ಲಿ ನಾಲ್ಕನೇ ವರ್ಷದ ಕಾನೂನು ಓದುತ್ತಿದ್ದ ಹರಿಣಾಕ್ಷಿ ಆ ರಜೆಯೊಳಗೆ ಬೆಂಗಳೂರಿನ ನಲವತ್ತೊಂದು ಲಾ ಫರ್ಮುಗಳಿಗೆ ಇಂಟರ್ನ್‌ಶಿಪ್ ಕೇಳಿ ಮೇಲ್ ಹಾಕಿದ್ದಳು. ‘ಗೌರವಾನ್ವಿತ ಸರ್/ಮೇಡಂ’ ಎಂದು ಶುರುವಾಗುವ ಒಂದೇ ಪತ್ರ. ಫರ್ಮಿನ ಹೆಸರಷ್ಟೇ ಬದಲು. ಒಂದು ಸಲ ಅದನ್ನೂ ಬದಲಿಸಲು ಮರೆತಿದ್ದಳು. ಇಪ್ಪತ್ತಾರು ಕಡೆಯಿಂದ ಉತ್ತರವಿಲ್ಲ. ಹದಿನಾಲ್ಕು ಕಡೆಯಿಂದ ‘ನಿಮ್ಮ ವಿವರವನ್ನು ಕಡತದಲ್ಲಿ ಇಟ್ಟುಕೊಳ್ಳುತ್ತೇವೆ’. ಕಡತದಲ್ಲಿ ಇಟ್ಟದ್ದು ಏನಾಗುತ್ತದೆಂದು ಕೋರ್ಟಿನವರ ಮನೆಯಲ್ಲಿ ಬೆಳೆದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಕಡೆಯದು ಮಾತ್ರ ಬಾಕಿಯಿತ್ತು.

ಕೋರ್ಟಿನವರ ಮನೆ ಎಂದೆ. ಅವಳಪ್ಪ ಕೆಂಪನಂಜಪ್ಪ ಕೊಳ್ಳೇಗಾಲದ ಕೋರ್ಟಿನಲ್ಲಿ ಅಟೆಂಡರು. ಬಿಳಿ ಸಮವಸ್ತ್ರ, ಎದೆಗೆ ಅಡ್ಡಪಟ್ಟಿ. ಕೆಲಸ, ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು. ಮಗಳ ಹೆಸರೂ ಹಾಗೆ ಬಂದದ್ದೇ. ಯಾವುದೋ ದಾವೆಯಲ್ಲಿ ಹರಿಣಾಕ್ಷಿ ಎಂಬೊಬ್ಬಳು ಪ್ರತಿವಾದಿ. ಆರು ತಿಂಗಳು ಕೂಗಿದರೂ ಆಕೆ ಬರಲಿಲ್ಲ, ಹೆಸರು ಮಾತ್ರ ಕೆಂಪನಂಜಪ್ಪನ ಬಾಯಲ್ಲಿ ಉಳಿಯಿತು. ಮಗಳು ಹುಟ್ಟಿದಾಗ ಇಟ್ಟುಬಿಟ್ಟ. ಅವನ ಬಾಯಲ್ಲಿ ಅದು ‘ಅರಿಣಾಕ್ಸಿ’.

ಅವಳೂ ಕಾಲೇಜು ಸೇರುವ ತನಕ ಅರಿಣಾಕ್ಸಿಯೇ ಆಗಿದ್ದಳು. ಮೊದಲ ವರ್ಷದ ಅಣಕು ನ್ಯಾಯಾಲಯದಲ್ಲಿ ಎದ್ದು ನಿಂತು “ಐಕೋರ್ಟ್” ಅಂದಾಗ ಹಿಂದಿನ ಬೆಂಚು ನಕ್ಕಿತು. ಗಾಬರಿಯಲ್ಲಿ ಮುಂದಿನ ವಾಕ್ಯಕ್ಕೆ ಇಲ್ಲದ ‘ಹ’ ಸೇರಿಸಿ “ಹಾರ್ಟಿಕಲ್ ಟ್ವೆಂಟಿಒನ್” ಅಂದಳು. ಆಗ ಮುಂದಿನ ಬೆಂಚೂ ನಕ್ಕಿತು. ಅಂದಿನಿಂದ ದಿನಾ ಬೆಳಿಗ್ಗೆ ಹಾಸ್ಟೆಲಿನ ಕನ್ನಡಿಯ ಮುಂದೆ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ತಾಗುವ ತನಕ ‘ಹ’ ಅಭ್ಯಾಸ ಮಾಡಿದಳು. ಆ ಉಸಿರಿನ ಜೊತೆಗೇ ಅಪ್ಪನೂ ಸ್ವಲ್ಪಸ್ವಲ್ಪವಾಗಿ ಆಚೆ ಹೋಗುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ. ತಿಳಿದಿತ್ತೇನೋ.

ರಜೆಯಲ್ಲಿ ಕಲಿಯಲು ಮನೆಯ ಪಕ್ಕದ ಕೋರ್ಟು ಬಿಟ್ಟು ಯಳಂದೂರಿಗೆ ಹೋದದ್ದೇಕೆ ಎಂದು ಅಪ್ಪ ಕೇಳಿದ್ದಕ್ಕೆ, “ಬಸ್ ಅನುಕೂಲ ಇದೆ” ಅಂದಿದ್ದಳು. ಮನೆಯಿಂದ ಕೋರ್ಟಿಗೆ ನಡೆದರೆ ಏಳು ನಿಮಿಷ.

*

ಸಂಜೆ ನಾಲ್ಕಕ್ಕೆ ಸದಾಶಿವಪ್ಪನವರು ಹೊರಗೆ ಹೋದರೆ ಆಫೀಸಿಗೆ ಜೀವ ಬರುತ್ತಿತ್ತು. ಟೈಪಿಸ್ಟ್ ಪುಷ್ಪಕ್ಕ ಟೀ ತರಿಸುವಳು. ಶಾಂತಮೂರ್ತಿ ಹೂಗ್ಯಂನ ಕತೆ ಹೇಳುವನು. ಅದು ಹನೂರಿನ ಆಚೆ, ಕಾಡಿನ ಅಂಚಿನ ಊರು.

“ನಮ್ಮೂರ್ಗೆ ಬಸ್ ಬಂದ್ರೆ ಆನೆನೂ ನಿಂತ್ಕಂಡ್ ನೋಡ್ತದೆ ಮೇಡಂ, ಇವತ್ತು ಬಂತಲ್ಲಾ ಅಂತ.”

“ಆನೆ ನೋಡಿದ್ದನ್ನ ನೀವು ಎಲ್ಲಿಂದ ನೋಡ್ದ್ರಿ?”

“ಆನೆ ಪಕ್ಕದಲ್ಲಿ ನಿಂತ್ಕಂಡು.”

ಮೂರನೇ ದಿನವೋ ನಾಲ್ಕನೇ ದಿನವೋ ಪುಷ್ಪಕ್ಕ, “ಮೂರ್ತಿ, ಆ ಕೊಳ್ಳೇಗಾಲದೋರ್ ಥರ ಒಂದ್ಸಲ ಕೂಗಪ್ಪ, ಈ ಮಗು ಕೇಳಿಲ್ಲ” ಅಂದಳು.

ಶಾಂತಮೂರ್ತಿ ಟವೆಲನ್ನು ಎದೆಗೆ ಅಡ್ಡ ಹಾಕಿಕೊಂಡ. ಬಾಗಿಲಲ್ಲಿ ಹೋಗಿ ನಿಂತ. ಗಲ್ಲ ಎತ್ತಿ, ಕಣ್ಣು ಅರ್ಧ ಮುಚ್ಚಿ, “ಅನುಮಂತಪ್ಪಾ ಬಿನ್ ಒನ್ನಪ್ಪಾ…” ಎಂದು ಶುರುಮಾಡಿದ. ಎರಡನೆಯದು ಇನ್ನೂ ಗಟ್ಟಿ. ಮೂರನೆಯದನ್ನು ಎಳೆದ, ಎಳೆದ, ರಸ್ತೆಯ ಆಚೆಯ ಸೈಕಲ್ ಶಾಪಿನವನು ತಿರುಗಿ ನೋಡುವ ತನಕ ಎಳೆದ.

“ಕೆಂಪನಂಜಪ್ಪನೋರ ಮೂರ್ನೇ ಕೂಗು ಶುರುವಾದಾಗ ಆಚ್ಗೆ ಓದ್ರೆ, ಒಂದು ಟೀ ಕುಡ್ಕಂಡ್ ಬಂದ್ರೂ ಇನ್ನೂ ಕೂಗ್ತಾ ಇರ್ತರೆ!”

ಪುಷ್ಪಕ್ಕ ಮೇಜು ಬಡಿದು ನಕ್ಕಳು. ಹರಿಣಾಕ್ಷಿಯೂ ನಕ್ಕಳು. ನಗದಿದ್ದರೆ ಯಾಕೆಂದು ಕೇಳುತ್ತಾರೆ. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಅದು ನಿಜಕ್ಕೂ ಅಪ್ಪನ ಹಾಗೇ ಇತ್ತು, ಗಲ್ಲ ಎತ್ತಿದ್ದು ಕೂಡ. ಎಲ್ಲರಿಗಿಂತ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರು ಬಂತು.

ನಕ್ಕಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆಂದು ಶಾಂತಮೂರ್ತಿ ಕಂಡುಹಿಡಿದದ್ದು ಆಗಲೇ. ಮಾರನೆಯ ದಿನ ಯಾರೂ ಕೇಳದೆಯೇ ಟವೆಲ್ ಹಾಕಿಕೊಂಡ. ಆಮೇಲೆ ದಿನಾ ಕೂಗಿದ. ಕೂಗು ಬಾಗಿಲಿಗೆ, ಕಣ್ಣು ಆ ಕೆನ್ನೆಗೆ. ಅವಳು ದಿನಾ ನಗುತ್ತಿದ್ದಳು, ದಿನಾ ಅವನು ತನ್ನನ್ನೇ ನೋಡುವ ಆ ಕ್ಷಣಕ್ಕೆ ಕಾಯುತ್ತಿದ್ದಳು, ದಿನಾ ಬಸ್ಸಿನಲ್ಲಿ ಮಾಂಬಳ್ಳಿ ದಾಟುವಷ್ಟರಲ್ಲಿ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ಪ್ರೀತಿ ಏನನ್ನಾದರೂ ತಿಂದು ಬೆಳೆಯುತ್ತದಂತೆ. ಇವರದು ಕೆಂಪನಂಜಪ್ಪನ ಗಂಟಲನ್ನು ತಿಂದು ಬೆಳೆಯುತ್ತಿತ್ತು.

*

ನಲವತ್ತೊಂದನೆಯ ಫರ್ಮು ಉತ್ತರ ಕೊಟ್ಟಿತು. ಗುರುವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ಸಂದರ್ಶನ.

ಲ್ಯಾಪ್‌ಟಾಪ್ ಶಾಂತಮೂರ್ತಿಯದು. ಅದರ ಕೆಳಗೆ ಹಳೆಯ ಕಾನೂನು ವರದಿಗಳ ನಾಲ್ಕು ಸಂಪುಟ ಇಟ್ಟು ಕ್ಯಾಮೆರಾವನ್ನು ಅವಳ ಮುಖದ ಎತ್ತರಕ್ಕೆ ತಂದ. ಫ್ಯಾನ್ ಸದ್ದು ಮಾಡುತ್ತದೆಂದು ಆರಿಸಿದ. ಬಾಗಿಲ ಪರದೆಯಾಚೆ ನಿಂತು ಸಣ್ಣ ದನಿಯಲ್ಲಿ, “ಎದ್ರುಕಬ್ಯಾಡಿ. ಅವ್ರಿಗೂ ಅಲ್ಲಿ ಟ್ರಾಫಿಕ್ಕು. ನಿಮ್ಗಿಂತ ಅವ್ರೇ ಸುಸ್ತಾಗಿರ್ತರೆ” ಅಂದ.

ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಂಡ ವಕೀಲರು ಸಭ್ಯರು. ಕರಡು ಬರೆಯುವುದರ ಬಗ್ಗೆ ಕೇಳಿದರು, ಚೆನ್ನಾಗಿ ಹೇಳಿದಳು. ಒಂದು ತೀರ್ಪಿನ ಬಗ್ಗೆ ಕೇಳಿದರು, ಅದನ್ನೂ ಹೇಳಿದಳು. ಒಂದು ‘ಹ’ವೂ ಜಾರಲಿಲ್ಲ. ಕೊನೆಗೆ ಅವರು ಕಾಗದ ನೋಡುತ್ತಾ, “ತಂದೆ ನ್ಯಾಯಾಂಗ ಇಲಾಖೆ ಅಂತ ಬರೆದಿದ್ದೀರಿ. ಓ, ಜುಡಿಷಿಯರಿ! ಸಿವಿಲ್ ಕಡೆಯಾ, ಕ್ರಿಮಿನಲ್ ಕಡೆಯಾ?” ಎಂದರು.

ಕೆಂಪನಂಜಪ್ಪ ಬೆಳಿಗ್ಗೆ ಸಿವಿಲ್ ಕೂಗುತ್ತಾನೆ, ಮಧ್ಯಾಹ್ನ ಕ್ರಿಮಿನಲ್ ಕೂಗುತ್ತಾನೆ.

“ಬೋತ್, ಸರ್.”

“ವೆರಿ ಗುಡ್. ಈಗ ಎಲ್ಲಿದ್ದಾರೆ?”

ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ವಕೀಲರು ಬಾಯಿ ಅರ್ಧ ತೆರೆದು ಹಾಗೇ ಉಳಿದರು. ಮರಳಿ ಬಂದಾಗ ಅವರಿಗೆ ಆ ಪ್ರಶ್ನೆ ಮರೆತಿತ್ತು. ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಮಿಕ್ಕದ್ದನ್ನು ಯಳಂದೂರಿನ ನೆಟ್‌ವರ್ಕ್ ನೋಡಿಕೊಂಡಿತು.

ಬಾಗಿಲ ಪರದೆ ಸರಿಸಿ ಬಂದ ಶಾಂತಮೂರ್ತಿಯ ಮುಖದಲ್ಲಿ ಹುಬ್ಬು ಏಳಲಿಲ್ಲ.

“ಜಡ್ಜ್ ಸಾಹೇಬ್ರ ಮಗಳು ಅಂತ ಏಳ್ಲೇ ಇಲ್ವಲ್ಲ ಮೇಡಂ. ಅದುಕ್ಕೇಯ ಅವತ್ತು ಬಿನ್ ಖಾಲಿ ಬುಟ್ಟಿದ್ದು. ದೊಡ್ಡೋರು ಅಂಗೇ, ಗುರ್ತು ಏಳ್ಕಳಾಕಿಲ್ಲ.”

ಈಗ ಹೇಳಬೇಕಿತ್ತು. ಬಾಯಿ ತೆರೆದಳು. “ಹಂ…” ಎಂದಷ್ಟೇ ಹೊರಟಿತು.

ಮಾರನೆಯ ದಿನ ಅವಳ ಕುರ್ಚಿಯ ಮೇಲೆ ಒಂದು ದಿಂಬು ಬಂದು ಕೂತಿತ್ತು. ಟೀ ಸ್ಟೀಲ್ ಲೋಟದ ಬದಲು ಪಿಂಗಾಣಿ ಕಪ್ಪಿನಲ್ಲಿ ಬಂತು. ಆನೆಯ ಕತೆ ನಿಂತಿತು. ಟವೆಲ್ ಮೊಳೆಗೆ ನೇತುಬಿದ್ದಿತ್ತು. ಅವನು “ನೀವು” ಅನ್ನುತ್ತಿದ್ದದ್ದು ಮೊದಲಿನಂತೆಯೇ, ಆದರೆ ಈಗ ಅದರಲ್ಲಿ ಒಂದು ಗೇಟು ಇತ್ತು. ಆಯ್ಕೆಯಾಗಿದೆ ಎಂಬ ಮೇಲ್ ಬಂದಾಗ ಅವನು ಕೈ ಜೋಡಿಸಿ “ಕಂಗ್ರಾಟ್ಸ್ ಮೇಡಂ” ಅಂದ. ಕೈ ಜೋಡಿಸಿ.

ಅಪ್ಪನನ್ನು ಮುಚ್ಚಿಟ್ಟು ಏನು ಗಳಿಸಿದೆ ಎಂದು ಲೆಕ್ಕ ಹಾಕಿದರೆ ಅವಳ ಪಾಲಿಗೆ ಬಂದದ್ದು ಒಂದು ದಿಂಬು.

*

ಕಾಮಗೆರೆಯವರ ಪಾಲಿನ ದಾವೆಗೆ ಸೋಮವಾರ ಕೊಳ್ಳೇಗಾಲ ಕೋರ್ಟಿನಲ್ಲಿ ವಾಯಿದೆ. “ಇಬ್ರೂ ಓಗ್ ಬನ್ನಿ. ಈ ಮಗುನೂ ಒಂದು ದೊಡ್ ಕೋರ್ಟ್ ನೋಡ್ಲಿ” ಅಂದರು ಸದಾಶಿವಪ್ಪ. ತಲೆನೋವು ಅಂದಳು. “ಕೋರ್ಟ್ಗೆ ಓದ್ರೆ ಇನ್ನೊಬ್ರಿಗೆ ಬತ್ತದೆ ತಲೆನೋವು, ನಮ್ಗಲ್ಲ” ಅಂದರು.

ಮೆಟ್ಟಿಲು ಹತ್ತುವಾಗಲೇ ಆ ದನಿ ಕೇಳಿಸಿತು. ಕಾರಿಡಾರಿನ ಕೊನೆಯಲ್ಲಿ ಬಿಳಿ ಬಟ್ಟೆ, ಅಡ್ಡಪಟ್ಟಿ, ಎತ್ತಿದ ಗಲ್ಲ.

“ಏನ್ ಕೆಂಪನಂಜಪ್ಪನೋರೇ, ಚೆಂದಾಗಿದ್ದೀರಾ? ನಮ್ದು ಎಷ್ಟ್ನೇ ನಂಬರು?” ಅಂದ ಶಾಂತಮೂರ್ತಿ.

ಕೆಂಪನಂಜಪ್ಪ ಪಟ್ಟಿ ನೋಡಲಿಲ್ಲ. ಶಾಂತಮೂರ್ತಿಯ ಪಕ್ಕದಲ್ಲಿ ಬಿಳಿ ಚೂಡಿದಾರದ ಮೇಲೆ ಕಪ್ಪು ಕೋಟು ತೊಟ್ಟು ನಿಂತಿದ್ದವಳನ್ನು ನೋಡಿದ. ಮಗಳನ್ನು ಆ ಕೋಟಿನಲ್ಲಿ ಅವನು ಕಂಡದ್ದು ಅದೇ ಮೊದಲು. ಮುಖ ಅಂಗಡಿಯ ಷಟರಿನ ಹಾಗೆ ಮೇಲಕ್ಕೆ ತೆರೆದುಕೊಳ್ಳಲು ಶುರುವಾಯಿತು.

“ಇವ್ರು ನಮ್ಮಾಫೀಸ್ಗೆ ಒಸದಾಗಿ ಬಂದವ್ರೆ,” ಅಂದ ಶಾಂತಮೂರ್ತಿ. ಅವಳ ಕಡೆ ತಿರುಗಿ, “ಇವ್ರು ಗೊತ್ತಾ ಮೇಡಂ?”

“ಇಲ್ಲ,” ಅಂದಳು ಹರಿಣಾಕ್ಷಿ. “ಗೊತ್ತಿಲ್ಲ.”

ಷಟರು ಅರ್ಧಕ್ಕೆ ನಿಂತಿತು. ಅರಳಿದ ನಗುವನ್ನು ಎಲ್ಲಾದರೂ ಇಡಬೇಕಲ್ಲ, ಕೆಂಪನಂಜಪ್ಪ ಅದನ್ನು ಪಕ್ಕದ ನೋಟೀಸ್ ಬೋರ್ಡಿನ ಕಡೆ ತಿರುಗಿಸಿದ.

“ನಮಸ್ಕಾರ ಮೇಡಂ,” ಅಂದ. “ಒಳ್ಗೆ ಕಂಬದ್ ಪಕ್ಕ ಫ್ಯಾನ್ ಗಾಳಿ ಬತ್ತದೆ. ಅಲ್ಲಿ ಕೂತ್ಕಳಿ.”

ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಕಂಬದ ಪಕ್ಕ ಕೂತಳು. ಫ್ಯಾನಿನ ಗಾಳಿ ಬರುತ್ತಿತ್ತು. ಕಿವಿಯ ತುದಿಯಿಂದ ಕತ್ತಿನ ತನಕ ಉರಿಯುತ್ತಿತ್ತು. ಬಾಗಿಲಲ್ಲಿ ಅಪ್ಪ ಕಾಮಗೆರೆಯವರನ್ನು ಕೂಗಿದ, ಮೂರು ಸಲ. ಯಾವತ್ತಿಗಿಂತ ಗಟ್ಟಿಯಾಗಿ. ಶಾಂತಮೂರ್ತಿ ಅವಳ ಕಡೆ ಬಾಗಿ, “ಇವತ್ತು ಯಾಕೋ ಬಾಳ ಉತ್ಸಾಹ” ಎಂದು ಪಿಸುಗುಟ್ಟಿದ. ಮೊದಲಿನ ಆ ಗುಳಿ ಬೀಳುತ್ತದೇನೋ ಎಂದು ಅವಳ ಎಡಗೆನ್ನೆಯನ್ನು ನೋಡಿದ. ಅವಳು ಮುಖ ಆಚೆ ತಿರುಗಿಸಿದಳು.

*

ಅಮ್ಮ ಅಕ್ಕನ ಬಾಣಂತನಕ್ಕೆಂದು ಹನೂರಿಗೆ ಹೋಗಿದ್ದಳು. ಆರು ಗಂಟೆಗೆ ಬಂದ ಕೆಂಪನಂಜಪ್ಪ ಅಡ್ಡಪಟ್ಟಿಯನ್ನು ಮಡಿಸಿ ಗೂಡಿನಲ್ಲಿಟ್ಟು, ಕೈಕಾಲು ತೊಳೆದು, ಮುದ್ದೆಗೆ ಎಸರಿಟ್ಟ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಹೋಗಲಾಗಲಿಲ್ಲ, ವಾಪಸ್ಸು ಹೋಗಲೂ ಆಗಲಿಲ್ಲ.

“ಅಪ್ಪಾ, ಬೆಳಿಗ್ಗೆ ನಾನು…”

“ಬುಡವ್ವ.” ಅವನು ತಿರುಗಲಿಲ್ಲ. “ಕೋರ್ಟ್ನಲ್ಲಿ ದಿನಾ ಎಷ್ಟೋ ಜನ ಸುಳ್ಳೇಳ್ತರೆ. ಅವ್ರೆಲ್ಲ ಪ್ರಮಾಣ ಮಾಡ್ಕಂಡ್ ಏಳ್ತರೆ. ನೀನು ಪ್ರಮಾಣ ಮಾಡ್ನಿಲ್ವಲ್ಲ.”

ಸಮಾಧಾನಕ್ಕೆ ಹೇಳಿದ್ದು. ನಿಜವಾಗಿಯೂ ಸಮಾಧಾನಕ್ಕೆ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

ಕೋಲು ಹಾಕಿ ಮುದ್ದೆ ತಿರುವುತ್ತಾ ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: “ಅರಿಣಾಕ್ಸಿ, ನನ್ ಕೂಗು ಕಂಬದ್ ತಾವ್ಕೆ ಕೇಳ್ಸ್ತಿತ್ತಾ? ನೀನು ಒಳ್ಗಿದ್ದೀಯೆ ಅಂತ ವಸಿ ಗಟ್ಟಿಯಾಗೇ ಕೂಗ್ದೆ.”

ಅವಳು ತಲೆಯಾಡಿಸಿದಳು. ಬೆನ್ನು ಮಾಡಿದ್ದವನಿಗೆ ಅದು ಕಾಣಲಿಲ್ಲ. “ಕೇಳ್ಸ್ತು ಅಪ್ಪ” ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಆ ಎರಡು ಪದ ಹೇಳಲು ಅವಳಿಗೆ ಮುದ್ದೆ ಬೇಯುವಷ್ಟು ಹೊತ್ತು ಹಿಡಿಯಿತು.

*

ಬೆಳಗಿನ ಬಸ್ಸಿನಲ್ಲಿ ಕೂತು ಫರ್ಮಿಗೆ ಮೇಲ್ ಬರೆದಳು. ಬರೆದು ಅಳಿಸಿ, ಬರೆದು ಅಳಿಸಿ, ಬಸ್ಸು ಯಳಂದೂರಿನ ನಿಲ್ದಾಣಕ್ಕೆ ತಿರುಗುವಾಗ ಉಳಿದದ್ದು ಇಷ್ಟು: ‘ನನ್ನ ತಂದೆ ಸಿವಿಲ್, ಕ್ರಿಮಿನಲ್ ಎರಡೂ ಕಡೆ ಇದ್ದಾರೆ ಎಂದಿದ್ದೆ. ಅವರು ನ್ಯಾಯಾಧೀಶರಲ್ಲ. ಎರಡೂ ಕಡೆಯ ಕೇಸುಗಳನ್ನು ಬಾಗಿಲಲ್ಲಿ ನಿಂತು ಕೂಗುವ ಅಟೆಂಡರ್. ನೀವು ತಪ್ಪು ತಿಳಿದಿರೆಂದು ಗೊತ್ತಾಗಿಯೂ ನಾನು ಸುಮ್ಮನಿದ್ದೆ. ಇದನ್ನು ತಿಳಿದ ಮೇಲೆ ನೀವು ಏನು ತೀರ್ಮಾನಿಸಿದರೂ ಸರಿಯೇ.’

ಇಳಿಯುವ ಮೊದಲು ಕಳಿಸಿದಳು. ಇಳಿದ ಮೇಲಾಗಿದ್ದರೆ ಕಳಿಸುತ್ತಿರಲಿಲ್ಲ.

ಆಫೀಸಿನಲ್ಲಿ ಶಾಂತಮೂರ್ತಿ ಒಬ್ಬನೇ ಇದ್ದ. ದಿಂಬು ಸರಿಪಡಿಸಲು ಎದ್ದ. ಅವಳು ಕೂರಲಿಲ್ಲ. ಕೆಂಪು ಬೆನ್ನಿನ ರಿಜಿಸ್ಟರ್ ಎಳೆದು ತನ್ನ ಹೆಸರಿನ ಸಾಲು ತೆಗೆದಳು. ಎರಡಂಗುಲ ಖಾಲಿ ಜಾಗದಲ್ಲಿ ಬರೆದಳು: ‘ಕೆಂಪನಂಜಪ್ಪ, ಅಟೆಂಡರ್, ಕೊಳ್ಳೇಗಾಲ ಕೋರ್ಟು’. ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

ಅವನು ಓದಿದ. ಒಂದೇ ಸಾಲು. ಆದರೆ ತುಂಬ ಹೊತ್ತು ಓದಿದ. ಆಮೇಲೆ ಅವನ ಕಣ್ಣು ಮೊಳೆಗೆ ನೇತುಬಿದ್ದ ಟವೆಲಿನ ಕಡೆ ಹೋಯಿತು. ಮುಖದ ಬಣ್ಣ ಕೋಟಿನ ಮೊಣಕೈಯ ಬಣ್ಣಕ್ಕೆ ತಿರುಗಿತು.

“ದಿನಾ…” ಅಂದ. “ದಿನಾ ನಿಮ್ ಮುಂದೇನೇ…”

“ದಿನಾ ನಾನೂ ನಕ್ಕೆ,” ಅಂದಳು.

ಅವನು ಎದ್ದ. ಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದ.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. “ಕೊಳ್ಳೇಗಾಲದ್ ಕೇಸೆಲ್ಲ ನಾನೇ ನೋಡ್ಕತೀನಿ ಅಂದ ಕನವ್ವ. ದಿನಾ ಅಲ್ಲಿಗೇ ಓಯ್ತಾವ್ನೆ” ಅಂದರು ಸದಾಶಿವಪ್ಪ. ಹರಿಣಾಕ್ಷಿಗೆ ಅರ್ಥವಾಯಿತು. ಜಡ್ಜ್ ಮಗಳಿಗೆ ದಿಂಬು. ಅಟೆಂಡರ್ ಮಗಳಿರುವ ಆಫೀಸಿಗೆ ಬರಲೂ ಆಗದು. ದಿಂಬನ್ನು ತೆಗೆದು ಬೀರುವಿನ ಮೇಲಿಟ್ಟಳು. ಕೋಪ ಬರಬೇಕಿತ್ತು. ಆದರೆ ತಾನು ಅಪ್ಪನಿಗೆ ಮಾಡಿದ್ದೂ ಅದೇ ಅಲ್ಲವೇ ಎಂದು ಅನಿಸಿದಾಗ ಕೋಪ ಮಾಡಿಕೊಳ್ಳುವ ಹಕ್ಕೂ ಕೈಬಿಟ್ಟಿತು.

ಮನೆಯಲ್ಲಿ ಅಪ್ಪ ಮಾತ್ರ ಆ ದಿನಗಳಲ್ಲಿ ಯಾಕೋ ಗೆಲುವಾಗಿದ್ದ. ಊಟದ ಡಬ್ಬಿಗೆ ಎರಡು ಮುದ್ದೆ ಹಾಕಿಕೊಂಡು ಹೋಗುತ್ತಿದ್ದ.

ಒಂಬತ್ತನೆಯ ದಿನ ಫರ್ಮಿನ ಉತ್ತರ ಬಂತು. ‘ನೋಟೆಡ್. ಮೂರನೇ ತಾರೀಖು ಒಂಬತ್ತೂವರೆಗೆ ಹಾಜರಾಗಿ. ಲ್ಯಾಪ್‌ಟಾಪ್ ನೀವೇ ತರಬೇಕು.’

ಅಷ್ಟೇ. ನೋಟೆಡ್. ಅವಳು ಕಾರಿಡಾರಿನಲ್ಲಿ ಅಪ್ಪನನ್ನೇ ಬೆಲೆ ಕೊಟ್ಟು ಕಾಪಾಡಿಕೊಂಡ ಸುಳ್ಳನ್ನು ಅವರು ಮೇಜು ಒರೆಸಿದಷ್ಟು ಸಲೀಸಾಗಿ ಒರೆಸಿದ್ದರು. ತಂದೆಯ ಬಗ್ಗೆ ಅವರು ಕೇಳಿದ್ದು, ಹವಾ ಹೇಗಿದೆ ಎಂದು ಕೇಳುವ ಹಾಗೆ ಕೇಳಿದ್ದ ಪ್ರಶ್ನೆ. ಉತ್ತರ ಯಾರಿಗೂ ಬೇಕಿರಲಿಲ್ಲ. ಕೆಲಸ ಸಿಕ್ಕ ಸಂತೋಷಕ್ಕಿಂತ ಮೊದಲು ಅವಳ ಕಿವಿ ಮತ್ತೊಮ್ಮೆ ಉರಿಯಿತು.

ಅಪ್ಪನಿಗೆ ಹೇಳಬೇಕು. ಸಂಜೆ ಮನೆಯಲ್ಲಲ್ಲ. ಅಲ್ಲಿ, ಆ ಕಾರಿಡಾರಿನಲ್ಲಿ. ಸಿಕ್ಕಿದ ಬಸ್ಸು ಹತ್ತಿದಳು. ಅದು ಮಾಂಬಳ್ಳಿಯಲ್ಲಿ ಕೆಟ್ಟು ನಿಂತು, ಇನ್ನೊಂದು ಹತ್ತಿ, ಕೊಳ್ಳೇಗಾಲದ ಕೋರ್ಟಿನ ಗೇಟು ಸೇರುವಷ್ಟರಲ್ಲಿ ಊಟದ ಬಿಡುವು.

ಗೇಟಿನ ಒಳಗೆ ಸಾಲಾಗಿ ಕೂತಿದ್ದ ಟೈಪಿಸ್ಟುಗಳಲ್ಲಿ ಒಬ್ಬ, “ಯಾರ್ನ ನೋಡ್ಬೇಕಿತ್ತು ಮೇಡಂ?” ಅಂದ.

“ನಮ್ಮಪ್ಪನ್ನ.”

“ಯಾರು?”

“ಕೆಂಪನಂಜಪ್ಪ. ಕೂಗೋರು.” ಬೇಕಿದ್ದಕ್ಕಿಂತ ಗಟ್ಟಿಯಾಗಿ ಬಂತು. ಐದು ಟೈಪ್‌ರೈಟರು ಒಟ್ಟಿಗೆ ನಿಂತವು.

“ಅಯ್ಯೋ ನಮ್ ಕೆಂಪನಂಜಪ್ಪನ್ ಮಗಳಾ! ಇಂದ್ಗಡೆ ಓಗವ್ವ, ಒಂಗೆ ಮರದ್ ಕೆಳ್ಗೆ ಅವ್ನೆ. ಶಿಷ್ಯನ್ ಕೂಡೆ.”

*

ಹೊಂಗೆ ಮರದ ಕೆಳಗೆ, ನೀರಿನ ತೊಟ್ಟಿಯ ಪಕ್ಕದ ಚಪ್ಪಡಿಯ ಮೇಲೆ ಕೆಂಪನಂಜಪ್ಪ ಕೂತಿದ್ದ. ಎದುರಿಗೆ ಎರಡು ಡಬ್ಬಿ. ಅವಳಿಗೆ ಬೆನ್ನು ಮಾಡಿ ನಿಂತಿದ್ದವನ ಕೋಟಿನ ಮೊಣಕೈ ಬೂದಿ ಬಣ್ಣದ್ದು.

“ಅನುಮಂತಪ್ಪಾ…” ಎಂದು ಕೂಗಿದ ಶಾಂತಮೂರ್ತಿ.

“ಆಗ್ನಿಲ್ಲ. ಎಂಟು ದಿನದಿಂದ್ಲೂ ಮೂಗ್ನಿಂದ್ಲೇ ಕೂಗ್ತಿದ್ದೀಯೆ. ಒಟ್ಟೆಯಿಂದ ಬರ್ಬೇಕು ಕನಪ್ಪ. ಮೊದುಲ್ನೇದು ಬಾಗ್ಲಲ್ಲಿ ನಿಂತಿರೋರ್ಗೆ. ಎರಡ್ನೇದು ಟೀ ಅಂಗ್ಡಿಲಿರೋರ್ಗೆ.”

“ಮೂರ್ನೇದು ಯಾಕ್ ಸಾ ಅಷ್ಟುದ್ದ?”

“ಅದು ಬಸ್ ಇಳ್ದು ಓಡ್ ಬತ್ತಾವ್ರಲ್ಲ, ಅವ್ರಿಗೆ. ಮೂರ್ ಕೂಗು ಮುಗುದ್ರೆ ಅವ್ರ ಕತೆ ಮುಗೀತು, ಎಕ್ಸ್‌ಪಾರ್ಟಿ, ಅವ್ರಿಲ್ದೇನೆ ತೀರ್ಪು. ನನ್ ಉಸ್ರು ಇರೋಗಂಟ ಅವ್ರಿಗೆ ಟೈಮು. ಅದುಕ್ಕೇಯ ಎಳೀತೀನಿ.”

ಶಾಂತಮೂರ್ತಿ ತಲೆ ತಗ್ಗಿಸಿದ. “ಅದುನ್ನೇ ಸಾ ನಾನು ಆಡ್ಕಂಡ್ ನಗ್ಸಿದ್ದು. ಅವ್ರ ಮುಂದೆ ನಿಂತ್ಕಳಾಕೆ ಮೊಕ ಇಲ್ಲ ನಂಗೆ.”

“ಇದುನ್ನೂ ಎಂಟು ದಿನದಿಂದ ಏಳ್ತಿದ್ದೀಯೆ. ಈಗ ಸರ್ಯಾಗ್ ಏಳು. ನೀನು ದಿನಾ ಬತ್ತಿರೋದು ಕೂಗಾದ್ ಕಲಿಯಾಕಾ, ನನ್ ಮಗುಳ್ನ ಕೇಳಾಕಾ?”

ಅವನು ಕೋಟಿನ ಗುಂಡಿ ಹಾಕಿಕೊಂಡ.

“ಬೋತ್, ಸಾ,” ಅಂದ ಶಾಂತಮೂರ್ತಿ.

ಹರಿಣಾಕ್ಷಿ ಗೋಡೆಗೆ ಕೈ ಊರಿದಳು. ಕೆಂಪನಂಜಪ್ಪ ಅವನ ಹೆಗಲಿನ ಮೇಲಿಂದ ಅವಳನ್ನು ಕಂಡ. ಕಂಡೂ ಕಾಣದವನ ಹಾಗೆ ಡಬ್ಬಿಯ ಮುಚ್ಚಳ ಒರೆಸಿದ. ಅದರಲ್ಲಿ ಅವನಿಗೆ ಈಚೆಗೆ ಒಳ್ಳೆಯ ಅಭ್ಯಾಸವಾಗಿತ್ತು.

“ಅಂಗಾರೆ ಕೂಗು ಅವ್ಳುನ್ನ. ಬಂದ್ರೆ ಬಂದ್ಲು, ಇಲ್ದಿದ್ರೆ ಎಕ್ಸ್‌ಪಾರ್ಟಿ.”

“ಅವ್ರು ಯಳಂದೂರಲ್ಲಿ ಅವ್ರೆ ಸಾ.”

“ಕೂಗಾದು ನಮ್ ಕೆಲ್ಸ. ಎಲ್ಲವ್ರೆ ಅನ್ನಾದು ಅವ್ರ ಕೆಲ್ಸ.”

ಶಾಂತಮೂರ್ತಿ ಗಲ್ಲ ಎತ್ತಿದ.

“ಅರಿಣಾಕ್ಸೀ ಬಿನ್ ಕೆಂಪನಂಜಪ್ಪಾ…”

ಅಪ್ಪನ ಹೆಸರು ಅವಳ ಹೆಸರಿನ ಪಕ್ಕದಲ್ಲಿ, ಕೋರ್ಟಿನ ಆವರಣದಲ್ಲಿ, ಬಿಸಿಲಿನಲ್ಲಿ ಹಾಗೆ ನಿಂತದ್ದನ್ನು ಅವಳು ಇದೇ ಮೊದಲು ಕೇಳಿದ್ದು.

“ಅರಿಣಾಕ್ಸೀ ಬಿನ್ ಕೆಂಪನಂಜಪ್ಪಾ…”

ಟೀ ಅಂಗಡಿಯಿಂದ ಯಾರೋ ಇಣುಕಿದರು.

ಮೂರನೆಯದಕ್ಕೆ ಅವನು ಹೊಟ್ಟೆಯ ತನಕ ಉಸಿರು ತೆಗೆದುಕೊಂಡ. “ಅರಿಣಾಕ್ಸೀ… ಕೋಂ…” ಅಂದವನು ಗಕ್ಕನೆ ನಿಂತ. ಕತ್ತಿನ ಹಿಂಭಾಗ ಕೆಂಪಾಯಿತು.

“ಅರ್ಧಕ್ಕೆ ನಿಲ್ಸಂಗಿಲ್ಲ,” ಅಂದ ಕೆಂಪನಂಜಪ್ಪ ಮುಚ್ಚಳ ನೋಡುತ್ತಾ. “ಕೋಂ ಯಾರು?”

“ಕೋಂ ಶಾಂತಮೂರ್ತೀ…”

ಮೂಗಿನಿಂದ ಬರಲಿಲ್ಲ. ಉದ್ದಕ್ಕೆ, ಇನ್ನೂ ಉದ್ದಕ್ಕೆ, ಎಲ್ಲಿಯೋ ಬಸ್ಸಿಳಿದು ಓಡಿ ಬರುತ್ತಿರುವವಳಿಗೆ ಸಾಲುವಷ್ಟು ಉದ್ದಕ್ಕೆ ಅವನು ಅದನ್ನು ಎಳೆದ. ಅವಳು ಗೋಡೆ ಬಿಟ್ಟಳು. ಗೋಡೆಯಿಂದ ಮರಕ್ಕೆ ಹದಿನೈದು ಹೆಜ್ಜೆ. ಅವನ ಉಸಿರು ಸೋರಿ ಸಣ್ಣಗಾಗುತ್ತಿತ್ತು, ನಡುಗುತ್ತಿತ್ತು, ಆದರೂ ನಿಲ್ಲಲಿಲ್ಲ. ಅದು ಇನ್ನೂ ಗಾಳಿಯಲ್ಲಿರುವಾಗಲೇ ಅವಳು ಅವನ ಬೆನ್ನ ಹಿಂದೆ ಬಂದು ನಿಂತಳು.

“ಆಜರ್,” ಅಂದಳು.

ನಾಲ್ಕು ವರ್ಷ ಅಂಗೈ ಹಿಡಿದು ಕಾಪಾಡಿದ ‘ಹ’ ಬರಲಿಲ್ಲ. ಅವಳೂ ಅದನ್ನು ಹುಡುಕಲಿಲ್ಲ.

ಶಾಂತಮೂರ್ತಿ ತಿರುಗಿದ. ಮಾತಿಗೆ ಅವನಲ್ಲಿ ಉಸಿರೇ ಉಳಿದಿರಲಿಲ್ಲ. ಹುಬ್ಬು ಮಾತ್ರ ಒಂದು ಎಳೆಯಷ್ಟು ಮೇಲೆ ಹೋಯಿತು.

“ಲೇಟು,” ಅಂದ ಕೊನೆಗೆ.

“ಮಾಂಬಳ್ಳೀಲಿ ಬಸ್ ಕೆಟ್ಟೋಗಿತ್ತು ಸಾ,” ಅಂದಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು, ಅದರ ಮೇಲೆ ನೀರೂ ಇಳಿಯಿತು. ಆಮೇಲೆ ಚಪ್ಪಡಿಯ ಕಡೆ ತಿರುಗಿ, “ಅಪ್ಪಾ” ಅಂದಳು. ಟೀ ಅಂಗಡಿಯ ತನಕ ಕೇಳಿಸುವ ಹಾಗೆ.

ಕೆಂಪನಂಜಪ್ಪ ಎದ್ದು ಅಡ್ಡಪಟ್ಟಿ ಸರಿಮಾಡಿಕೊಂಡ. ಬಿಡುವು ಮುಗಿದಿತ್ತು; ಮಧ್ಯಾಹ್ನದ ಕ್ರಿಮಿನಲ್ ಪಟ್ಟಿ ಕಾಯುತ್ತಿತ್ತು.

“ಕೇಳ್ಸ್ತು ಕನವ್ವ,” ಅಂದ. “ಡಬ್ಬಿಲಿ ಇನ್ನೊಂದ್ ಮುದ್ದೆ ಅದೆ. ಇಬ್ರೂ ಉಂಡ್ಕಳಿ.”